ಬರೀ ‘.280 ಆಕ್ಲಿ’ ಅಂತ ಬರೆಸಿ ರೈಫಲ್ ಮಾಡಿಸಬೇಡಿ

ಅಮೆರಿಕದಲ್ಲಿದ್ದು ಶಿಕಾರಿ ಹುಚ್ಚು ಹಚ್ಚಿಕೊಂಡಿರುವ ನಮ್ಮವರಿಗೆ ಈ ಬರಹ. .280 ಆಕ್ಲಿ ಅನ್ನುವ ತೋಟಾಕ್ಕೆ ರೈಫಲ್ ಮಾಡಿಸಲು ಹೋಗಿ ನಾನು ಎಡವಿದ ಕತೆ ಇದು. ಮಾಡಿಕೊಟ್ಟ ಗನ್‌ಸ್ಮಿತ್ (ಕೋವಿ ಕೆಲಸದವ) ಹೆಸರು ಹೇಳುವುದಿಲ್ಲ. ದುಡ್ಡಿನ ತಕರಾರು ಇನ್ನೂ ಬಗೆಹರಿದಿಲ್ಲ.

ನಾನು ಸಕಲೇಶಪುರದ ಕಡೆಯವನು. ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಉದ್ದ ನಳಿಗೆ, ಒಂದೇ ಈಡು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು. ನಾನು ಕಂಡಂತೆ ಅದು ಗೋಡೆಯಿಂದ ಇಳಿಯುತ್ತಿದ್ದುದು ಆಯುಧಪೂಜೆಗೆ ಮಾತ್ರ. ಕೊಲೊರಾಡೊಗೆ ಬಂದು ಗ್ರೀನ್ ಕಾರ್ಡ್ ಸಿಕ್ಕಿದ ಮೇಲೆ ನನಗೂ ಅಂಥದ್ದೇ ಒಂದು ಬೇಕು ಅನ್ನಿಸಿತು. (ಎಚ್-1ಬಿಯಲ್ಲಿ ಇರುವವರು ಮೊದಲು ಕಾನೂನು ನೋಡಿಕೊಳ್ಳಿ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಕೋವಿ ಮುಟ್ಟುವುದೂ ಫೆಡರಲ್ ಅಪರಾಧ.)

ಹಳೆಯ ರೂಗರ್ ನಂಬರ್ 1 ಕೊಂಡೆ. 1967ರಿಂದ ಬಂದ ಒಂಟಿ ತೋಟಾದ ರೈಫಲ್ ಅದು. ಕೆಳಗಿನ ಸನ್ನೆ ಎಳೆದರೆ ಹಿಂದಿನ ಉಕ್ಕಿನ ಗಟ್ಟಿ ಕೆಳಕ್ಕೆ ಜಾರುತ್ತದೆ, ತೋಟಾ ಹಾಕಿ ಮುಚ್ಚಬೇಕು. ಬೇರೆ ರೈಫಲ್‌ಗಳಲ್ಲಿ ತೋಟಾ ತಳ್ಳುವ ಉಕ್ಕಿನ ಸರಳು, ಅಂದರೆ ಬೋಲ್ಟ್, ಹಿಂದೆ ಮುಂದೆ ಓಡಾಡುವ ಜಾಗ ಇದಕ್ಕೆ ಬೇಡವಾದ್ದರಿಂದ ಅಷ್ಟೇ ನಳಿಗೆಯ ಬೋಲ್ಟ್ ರೈಫಲ್‌ಗಿಂತ ಸುಮಾರು 4 ಇಂಚು ಗಿಡ್ಡ. ಹಾಗಾಗಿ 26 ಇಂಚಿನ ಬದಲು 30 ಇಂಚಿನ ನಳಿಗೆ ಹಾಕಿಸಿದರೂ ಹೊರಲಾಗದಷ್ಟು ಉದ್ದ ಆಗಲ್ಲ ಅನ್ನುವುದು ನನ್ನ ಲೆಕ್ಕ. ಇಂಚಿಗೆ ಸೆಕೆಂಡಿಗೆ 25 ಅಡಿ ವೇಗ ಹೆಚ್ಚಾದರೂ ನೂರು ಅಡಿ ಲಾಭ! ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆ ನೂರು ಅಡಿ ಯಾವ ಜಿಂಕೆಗೂ ಗೊತ್ತಾಗುತ್ತಿರಲಿಲ್ಲ.

ತೋಟಾ .280 ಆಕ್ಲಿ ಇಂಪ್ರೂವ್ಡ್ (ಚುಟುಕಾಗಿ ಎಐ) ಇರಲಿ ಅಂದೆ. ನಳಿಗೆ ಒಬ್ಬರದು, ಅದನ್ನು ಕೂರಿಸಿ ಚೇಂಬರ್ (ತೋಟಾ ಕೂರುವ ಗೂಡು) ಕೊರೆಯುವುದು ಇನ್ನೊಬ್ಬರದು, ನಳಿಗೆಯ ಕೆಳಗೆ ಕೈ ಹಿಡಿಯುವ ಮುಂದಿನ ಮರದ ಕೆಲಸ ಮತ್ತೊಬ್ಬರದು. ಹೀಗೆ ಹಂಚಿದ್ದು ಮೊದಲ ತಪ್ಪು. ಫೋನಿನಲ್ಲೇ ಎಲ್ಲ ಮಾತಾಡಿದ್ದು ಎರಡನೇ ತಪ್ಪು. ರಸೀದಿಯಲ್ಲಿ ಇದ್ದದ್ದು ‘.280 ಎಐ, 30 ಇಂಚು’, ಅಷ್ಟೇ. 4 ತಿಂಗಳು ಅಂದವರು 14 ತಿಂಗಳು ಮಾಡಿದರು. ಅದನ್ನು ಹೇಗೋ ಸಹಿಸಿಕೊಂಡೆ.

ಅಂಗಡಿಯಿಂದ ತಂದ ತೋಟಾ ಹಾಕಿ ರೇಂಜ್‌ನಲ್ಲಿ ಕೂತೆ. ಮೊದಲ ಎರಡು ಹಾರಿದವು. ಮೂರನೆಯದು ‘ಟಕ್’ ಅಂದು ಸುಮ್ಮನಾಯಿತು. ಮತ್ತೆ ಎರಡು ಹಾರಿದವು, ಇನ್ನೊಂದು ಟಕ್. ತೋಟಾಗಳೇ ಕೆಟ್ಟಿರಬೇಕು ಅಂದುಕೊಂಡು ಇನ್ನೊಂದು ಡಬ್ಬಿ ಒಡೆಯುತ್ತಿದ್ದೆ. ಪಕ್ಕದ ಬೆಂಚಿನ ಅಜ್ಜ ನನ್ನ ಖಾಲಿ ಕೊಪ್ಪವೊಂದನ್ನು (ಹಾರಿದ ತೋಟಾದ ಹಿತ್ತಾಳೆ ಚಿಪ್ಪು) ಎತ್ತಿ ಬೆಳಕಿಗೆ ಹಿಡಿದರು. ಬುಡದಿಂದ ಸ್ವಲ್ಪ ಮೇಲೆ, ಹಿತ್ತಾಳೆಯ ಸುತ್ತ, ಉಗುರಿನಲ್ಲಿ ಗೀರಿದ ಹಾಗೆ ಹೊಳೆಯುವ ಒಂದು ಬಳೆ. ಪೇಪರ್ ಕ್ಲಿಪ್ ಬಿಡಿಸಿ, ತುದಿ ಬಗ್ಗಿಸಿ, ಕೊಪ್ಪದ ಒಳಗೆ ಇಳಿಬಿಟ್ಟು ಗೋಡೆಗೆ ಒತ್ತಿ ಮೇಲಕ್ಕೆಳೆದರು. ಆ ಬಳೆ ಇದ್ದ ಕಡೆ ತುದಿ ಸಿಕ್ಕಿಕೊಂಡಿತು. ನನ್ನ ಕೈಗೂ ಕೊಟ್ಟರು. ಒಳಗೆ ಸಣ್ಣ ಕಾಲುವೆ ಬಿದ್ದಿತ್ತು. ‘ಇವತ್ತಿಗೆ ಸಾಕು, ಕಟ್ಟಿಡು ಮಗ’ ಅಂದರು. ಇನ್ನು ಕೆಲವು ಈಡು ಹೊಡೆದಿದ್ದರೆ ಯಾವುದೋ ಒಂದು ಕೊಪ್ಪ ಅಲ್ಲೇ ಎರಡು ತುಂಡಾಗಬಹುದಿತ್ತು. ಆಗ ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುವುದು ಮುಖದ ಕಡೆಗೇ.

ಆದದ್ದು ಇಷ್ಟು. .280 ಆಕ್ಲಿಯಲ್ಲಿ ಎರಡಿವೆ. 1957ರ .280 ರೆಮಿಂಗ್ಟನ್ ತೋಟಾವನ್ನೇ ಹಾಕಿ ಹಾರಿಸಿ, ಕೊಪ್ಪ ಹೊಸ ಆಕಾರಕ್ಕೆ ಹಿಗ್ಗಲಿ ಅಂತ ಕೊರೆಯುತ್ತಿದ್ದ ಹಳೆಯ ಆಕ್ಲಿ ಚೇಂಬರ್ ಒಂದು. 2007ರಲ್ಲಿ ನಾಸ್ಲರ್ ಕಂಪನಿ ಮುಂದೆ ನಿಂತು ಅಧಿಕೃತ ಅಳತೆ ಮಾಡಿಸಿದ್ದು ಇನ್ನೊಂದು. ಅಂಗಡಿಯ ತೋಟಾ ಈ ಹೊಸ ಅಳತೆಯದು. ಹೆಡ್‌ಸ್ಪೇಸ್‌ನಲ್ಲಿ (ಹಿಂದಿನ ಗಟ್ಟಿಯಿಂದ ತೋಟಾದ ಭುಜ ತಡೆದು ನಿಲ್ಲುವ ಜಾಗದವರೆಗಿನ ಅಳತೆ) ಇದು ಹಳೆಯದಕ್ಕಿಂತ 0.014 ಇಂಚು ಗಿಡ್ಡ. ಮೂರ್ನಾಲ್ಕು ಹಾಳೆ ಕಾಗದದಷ್ಟು ದಪ್ಪ, ಅಷ್ಟೇ. ಆದರೆ ಪಿನ್ ಹೊಡೆದಾಗ ತೋಟಾ ಮುಂದಕ್ಕೆ ಜಾರುವುದಕ್ಕೂ, ಹಾರಿದರೆ ಹಿತ್ತಾಳೆ ಹಿಂದಕ್ಕೆ ಎಳೆದುಕೊಳ್ಳುವುದಕ್ಕೂ ಅಷ್ಟು ಸಂದು ಧಾರಾಳ ಸಾಕು. ಗನ್‌ಸ್ಮಿತ್ ಚೇಂಬರ್ ಕೊರೆಯುವ ತನ್ನ ಹಳೆಯ ರೀಮರ್, ಅದನ್ನು ಅಳೆಯುವ ಹಳೆಯ ಗೇಜ್ ಹಿಡಿದು ಕೆಲಸ ಮಾಡಿದ್ದ. ಅವನ ಗೇಜ್ ಪ್ರಕಾರ ಎಲ್ಲ ಸರಿ! ‘ನೀನು ಕೇಳಿದ್ದನ್ನೇ ಕೊಟ್ಟಿದ್ದೇನೆ’ ಅಂದ. ರಸೀದಿ ನೋಡಿದರೆ ಅವನು ಹೇಳುವುದೂ ಸುಳ್ಳಲ್ಲ, ಅಲ್ವಾ? ಆದರೆ ಯಾವ ತೋಟಾ ಹಾಕುತ್ತೀಯ ಅಂತ ಒಂದು ಮಾತು ಕೇಳದ ಗನ್‌ಸ್ಮಿತ್ ಮೇಲೆ ನನಗಂತೂ ಮರ್ಯಾದೆ ಉಳಿದಿಲ್ಲ.

ನೀವು ಮಾಡಿಸುವುದಾದರೆ ಯಾವ ಅಳತೆಯ ಚೇಂಬರ್, ಯಾವ ಗೇಜ್‌ನಲ್ಲಿ ನೋಡಿದ್ದು, ಯಾವ ಕಂಪನಿಯ ತೋಟಾ ಹಾರಿಸುತ್ತೀರಿ ಎಲ್ಲ ರಸೀದಿಯಲ್ಲೇ ಬರೆಸಿ. ನಿಮ್ಮ ಒಂದು ಡಬ್ಬಿ ತೋಟಾ ಅವನಿಗೇ ಕೊಡಿ, ಅವನೇ ಹಾರಿಸಿ ಖಾಲಿ ಕೊಪ್ಪ ವಾಪಸ್ ಕೊಡಲಿ. ಪೂರ್ತಿ ದುಡ್ಡು ಅದಾದ ಮೇಲೆ. ಮರದ ಕೆಲಸವೂ ಅವನದೇ ಆದರೆ ಒಳ್ಳೆಯದು. ನನ್ನ ರೈಫಲ್‌ನಲ್ಲಿ ಮುಂದಿನ ಮರ ದಪ್ಪ ನಳಿಗೆಯ ಒಂದು ಪಕ್ಕಕ್ಕೆ ಒತ್ತುತ್ತಿತ್ತು. ನಳಿಗೆ ಬಿಸಿಯಾದಂತೆ ಗುಂಡು ಒಂದೇ ಕಡೆಗೆ ಸರಿಯುತ್ತಾ ಹೋಗುತ್ತಿತ್ತು. ಅದಕ್ಕೆ ಇವನು ಅವನನ್ನು ತೋರಿಸಿದ, ಅವನು ಇವನನ್ನು.

ಈಗ ಬೇರೆಯವರ ಹತ್ತಿರ ಇದೆ. ನಳಿಗೆಯನ್ನು ಅದರ ತಿರುಪಿನ ಒಂದು ಸುತ್ತು ಹಿಂದಕ್ಕೆ ಕೂರಿಸಿ ಚೇಂಬರ್ ಹೊಸದಾಗಿ ಕೊರೆಯಬೇಕಂತೆ. ಹಾಗೆ ಮಾಡಿದರೆ ಸ್ಕೋಪ್ ಕೂರುವ ಪಟ್ಟಿಯ ತೂತುಗಳು ಹೊಂದುವುದಿಲ್ಲ, ಅದಕ್ಕೆ ಬೇರೆ ಖರ್ಚು. ಅಕ್ಟೋಬರ್‌ಗೆ ಜಿಂಕೆಯ ಟ್ಯಾಗ್ (ಬೇಟೆಯ ಪರವಾನಗಿ ಚೀಟಿ) ಸಿಕ್ಕಿದೆ. ಗೆಳೆಯನ ಹಳೆಯ ಬೋಲ್ಟ್ ರೈಫಲ್ ಕೇಳಿ ಇಟ್ಟಿದ್ದೇನೆ, 22 ಇಂಚಿನ ನಳಿಗೆಯದು.