ಬಜೆ ಪುಡಿಯನ್ನು ಕೂಸಿಗೆ ಚಮಚದಲ್ಲಿ ಕೊಡಬೇಡಿ

ಏಳು ತಿಂಗಳ ಕೂಸು, ಹೊಟ್ಟೆ ಉಬ್ಬರ. ಗ್ರಂಧಿಗೆ ಅಂಗಡಿಯಿಂದ ತಂದ ಬಜೆ ಪುಡಿಯನ್ನು ಅರ್ಧ ಟೀ ಚಮಚ ತೆಗೆದು, ಜೇನಿನಲ್ಲಿ ಕಲಸಿ ನೆಕ್ಕಿಸಿದರು. ಸ್ವಲ್ಪ ಹೊತ್ತಿಗೇ ವಾಂತಿ ಶುರು. ‘ಬಜೆ ಹೊಟ್ಟೆಗೆ ಒಳ್ಳೆಯದಲ್ಲವಾ’ ಅಂತ ಮತ್ತೊಮ್ಮೆ ನೆಕ್ಕಿಸಿದರು! ರಾತ್ರಿಯಿಡೀ ವಾಂತಿ. ಬೆಳಗ್ಗೆ ಹಾಲು ಚೀಪಲೂ ತ್ರಾಣವಿಲ್ಲದೆ ನೆತ್ತಿ ಕುಳಿಬಿದ್ದ ಮೇಲೆ ಆಸ್ಪತ್ರೆ, ಡ್ರಿಪ್.

ಪುಡಿಯಲ್ಲಿ ಕಲಬೆರಕೆ ಇರಬೇಕೆಂದೇನಿಲ್ಲ, ಅಳತೆ ತಪ್ಪಿದರೆ ಅಸಲಿ ಬಜೆಯೇ ಸಾಕು. ಹಳೆಯ ಕ್ರಮದಲ್ಲಿ ಬಜೆ ಕೊಂಬನ್ನು (ನಿಜಕ್ಕೆ ಅದು ಬೇರಲ್ಲ, ನೆಲದಡಿ ಹಬ್ಬುವ ಕಾಂಡ) ದೀಪದಲ್ಲಿ ಸುಟ್ಟು, ಸಾಣೆಕಲ್ಲಿನ ಮೇಲೆ ಒಂದೆರಡು ಸುತ್ತು ತೇಯುತ್ತಿದ್ದರು. ಬೆರಳ ತುದಿಗೆ ಅಂಟಿದಷ್ಟೇ ಬಾಯಿಗೆ. ಸುತ್ತು ಎಣಿಸುವುದೇ ಅಳತೆ. ಪುಡಿ ಡಬ್ಬ ಬಂದ ಮೇಲೆ ಆ ಲೆಕ್ಕ ಮಾಯ. ಭಾರತೀಯ ಆಯುರ್ವೇದ ಫಾರ್ಮಕೋಪಿಯಾ (ಔಷಧಗಳ ಅಧಿಕೃತ ಗ್ರಂಥ) ವಚಾ ಚೂರ್ಣಕ್ಕೆ, ಅಂದರೆ ಬಜೆ ಪುಡಿಗೆ, ಹೇಳುವ ಪ್ರಮಾಣ 60ರಿಂದ 120 ಮಿಲಿಗ್ರಾಂ. ಅರ್ಧ ಟೀ ಚಮಚವೆಂದರೆ ಸುಮಾರು ಒಂದು ಗ್ರಾಂ, ಅಂದರೆ ಅದರ ಎಂಟು ಪಟ್ಟಿಗೂ ಹೆಚ್ಚು. ಹೆಚ್ಚು ಪ್ರಮಾಣದ ವಚೆಯನ್ನು ವಾಂತಿ ಮಾಡಿಸಲಿಕ್ಕೆಂದೇ ವೈದ್ಯರು ಬಳಸುತ್ತಾರೆ; ಗೋಮೂತ್ರ, ಕಷಾಯಗಳಲ್ಲಿ ಬೇಯಿಸಿ ಶೋಧನೆ (ಶುದ್ಧಿ) ಮಾಡಿದ ಮೇಲೇ ಔಷಧಕ್ಕೆ ಸೇರಿಸುವ ಪದ್ಧತಿಯೂ ಇದೆ. ಅಂಗಡಿಯ ಪುಡಿ ಶೋಧಿಸಿದ್ದೋ ಅಲ್ಲವೋ, ನೋಡಿ ಹೇಳಲಾಗದು.

ನಮ್ಮ ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ರಾಸಾಯನಿಕ ಬಲು ಹೆಚ್ಚು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದರಿಂದ ಕ್ಯಾನ್ಸರ್ ಗೆಡ್ಡೆ ಕಂಡದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಹಾಗಾಗಿ ‘ದಿನಾ ಕೊಟ್ಟರೆ ಮಾತು ಬೇಗ ಬರುತ್ತೆ’ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಜೇನಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ, ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ಬಾಟುಲಿಸಂ ಎಂಬ ರೋಗದ ರೋಗಾಣುವಿನ ಬೀಜಕ ಅದರಲ್ಲಿರಬಹುದು. ಆರು ತಿಂಗಳವರೆಗೆ ತಾಯಿ ಹಾಲಲ್ಲದೆ ಬೇರೇನೂ ಬೇಕಿಲ್ಲ, ಒಂದು ಸುತ್ತು ಬಜೆಯೂ.

ಕೈಗೆ ಕಟ್ಟುವ ಬಜೆ ಬಳೆಯನ್ನೂ ಬಿಚ್ಚಿಡಿ. ಕೂಸು ಅದನ್ನು ಬಾಯಿಗೆ ಹಾಕಿ ಚೀಪುತ್ತದೆ, ದಾರ ಕಿತ್ತರೆ ಚೂರು ಗಂಟಲಿಗೆ.

ಕೊಟ್ಟಾಗಿದ್ದರೆ ಮತ್ತೆ ಕೊಡಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ವಾಂತಿ ನಿಲ್ಲದಿದ್ದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಂಕಾದರೆ ಬೆಳಗಾಗಲೆಂದು ಕಾಯದೆ ಹೊರಡಿ. ಪುಡಿಯ ಡಬ್ಬವನ್ನೂ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟಿರಿ ಎಂಬುದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ.