ಶ್ವಾಸಕೋಶದ ಗಾಳಿ ಅಳೆಯುವ ಸಿಟಿ ಸ್ಕ್ಯಾನ್: ಕಲಬುರಗಿಯ ಒಂದು ಸೆಂಟರ್ ಹೇಗಿದೆ?

ಕಲಬುರಗಿಯ ಈ ಸ್ಕ್ಯಾನ್ ಸೆಂಟರಿನಲ್ಲಿ ಮೊದಲು ಹೊಗಳಬೇಕಾದ್ದು ಟೆಕ್ನಿಷಿಯನ್‌ರನ್ನು. ಮೆಷಿನ್ ಒಳಗೆ ಕಳಿಸುವ ಮುಂಚೆ ಎರಡು-ಮೂರು ಸಲ ಉಸಿರಿನ ಅಭ್ಯಾಸ ಮಾಡಿಸುತ್ತಾರೆ: "ಪೂರಾ ಉಸಿರು ಜಗ್ಗರಿ, ಹಾಂಗೇ ಹಿಡೀರಿ." ಉರ್ದು ಮಾತಾಡುವವರಿಗೆ ಉರ್ದುವಿನಲ್ಲೇ ಹೇಳುತ್ತಾರೆ. ಇಡೀ ಲೆಕ್ಕ ನಿಂತಿರುವುದೇ ಈ ಉಸಿರಿನ ಮೇಲೆ. ಅರ್ಧಕ್ಕೇ ಹಿಡಿದರೆ ಗಾಳಿ ಲೀಟರ್‌ಗಟ್ಟಲೆ ಕಡಿಮೆ ಬರುತ್ತದೆ, ಚೆನ್ನಾಗಿರುವ ಶ್ವಾಸಕೋಶವೂ ಕುಗ್ಗಿದಂತೆ ಕಾಣುತ್ತದೆ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವವರು, ದಾಲ್ ಮಿಲ್ಲಿನ ದೂಳಿನಲ್ಲಿ ದುಡಿಯುವವರು ಬರುವ ಊರಿದು. ಇಲ್ಲಿ ಇಂಥ ತಪ್ಪು ಸಣ್ಣದಲ್ಲ.

ರಿಪೋರ್ಟ್ ಮಾತ್ರ ಅಷ್ಟು ಚೊಕ್ಕ ಇಲ್ಲ. "ಲಂಗ್ ವಾಲ್ಯೂಮ್ 5.4 ಲೀಟರ್" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ಗಾಳಿಯೊಂದರ ಅಳತೆಯಲ್ಲ, ಅಂಗಾಂಶ ಮತ್ತು ರಕ್ತವೂ ಅದರಲ್ಲಿ ಸೇರಿವೆ. ಸಿಟಿ ಅಳತೆಯಲ್ಲಿ ನೀರಿಗೆ 0, ಗಾಳಿಗೆ −1000. ಇಡೀ ಶ್ವಾಸಕೋಶದ ಸರಾಸರಿ −850 ಬಂದಿದ್ದರೆ ಸುಮಾರು 85% ಗಾಳಿ. ಅಂದರೆ ಆ 5.4ರಲ್ಲಿ ಗಾಳಿ 4.6 ಲೀಟರ್ ಅಷ್ಟೇ. ಸರಾಸರಿ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ.

ಎಂಫೈಸೀಮಾ, ಅಂದರೆ ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಹಾಳಾಗುವ ರೋಗ, ನೋಡಲು ಅದೇ ಅಳತೆಯಲ್ಲಿ −950ಕ್ಕಿಂತ ಕೆಳಗಿನ ಭಾಗ ಎಷ್ಟಿದೆ ಎಂದು ಎಣಿಸುತ್ತಾರೆ. ಇದಕ್ಕೆ ಕಾಂಟ್ರಾಸ್ಟ್ ಔಷಧ ಬೇಡ, ಚಿತ್ರದ ಪದರ (ಸ್ಲೈಸ್) ಸುಮಾರು 1 ಮಿ.ಮೀ. ದಪ್ಪ ಇರಬೇಕು, ಕಂಪ್ಯೂಟರ್ ಚಿತ್ರ ಕಟ್ಟುವಾಗ ಮೃದು ಫಿಲ್ಟರ್ ಬಳಸಬೇಕು. ಚೂಪಾದ ಫಿಲ್ಟರ್ ಹಾಕಿದರೆ ಚಿತ್ರದಲ್ಲಿ ಕಾಳುಕಾಳು ಗದ್ದಲ ಹೆಚ್ಚಿ, ಇಲ್ಲದ ರೋಗವೂ ಶೇಕಡಾವಾರಿನಲ್ಲಿ ಏರಿಬಿಡುತ್ತದೆ. ಯಾವ ಫಿಲ್ಟರ್ ಬಳಸಿದರೆಂದು ಈ ರಿಪೋರ್ಟಿನಲ್ಲಿ ಎಲ್ಲೂ ಇಲ್ಲ, ಇದು ದೊಡ್ಡ ಕೊರತೆ. ಉಸಿರು ಬಿಟ್ಟ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ನೋಡುವ ಎರಡನೇ ಸ್ಕ್ಯಾನ್ ಇದೆ, ಅದರಲ್ಲಿ −856ಕ್ಕಿಂತ ಕೆಳಗಿನ ಭಾಗವನ್ನು ಎಣಿಸುತ್ತಾರೆ. ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಮಾಡುತ್ತಾರೆ. ರೇಡಿಯೇಶನ್ ಹೆಚ್ಚಾಗುವುದರಿಂದ ಅದು ಸರಿಯೇ.

ಊದಿದ ಗಾಳಿ ಅಳೆಯುವ ಸ್ಪೈರೋಮೀಟರ್‌ನ ಚೀಟಿ ಜೊತೆಗೆ ಹೋಲಿಸಿ, ಲೆಕ್ಕ ತಾಳೆಯಾಗದೆ ಗಾಬರಿಯಾಗುವವರಿದ್ದಾರೆ. ಪೂರ್ತಿ ಊದಿದ ಮೇಲೂ ದೊಡ್ಡವರ ಎದೆಯಲ್ಲಿ ಸುಮಾರು 1.2 ಲೀಟರ್ ಗಾಳಿ ಉಳಿಯುತ್ತದೆ, ಸ್ಪೈರೋಮೀಟರ್‌ಗೆ ಅದು ಸಿಗುವುದಿಲ್ಲ, ಸಿಟಿಗೆ ಸಿಗುತ್ತದೆ. ಮಲಗಿದಾಗ ಹೊಟ್ಟೆಯು ವಪೆಯನ್ನು (ಎದೆ-ಹೊಟ್ಟೆ ನಡುವಿನ ಸ್ನಾಯುಪರದೆ) ಮೇಲೆ ತಳ್ಳುವುದರಿಂದ, ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ ಅಳೆಯುವ ಬಾಡಿ ಬಾಕ್ಸ್‌ಗಿಂತ ಸಿಟಿಯ ಲೆಕ್ಕ ಕಡಿಮೆಯೇ ಬರುತ್ತದೆ.

ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದು ಲೀಟರ್ ಕಂಡುಹಿಡಿಯುವ ಹಳೆಯ ವಿಧಾನ ಇಲ್ಲಿಲ್ಲ. ಮುಂದಿನ ಸಲ ಹೋಲಿಸಬೇಕೆಂದರೆ ತೆಳು ಸ್ಲೈಸ್ ಇರುವ ಸಿಡಿಯನ್ನು ಅವತ್ತೇ ಕೇಳಿ ಪಡೆಯಿರಿ. ಕೌಂಟರಿನಲ್ಲಿ ತಾವಾಗಿ ಕೊಡುವುದು ಫಿಲ್ಮ್ ಮಾತ್ರ, ಅದರಿಂದ ಲೀಟರ್ ಮತ್ತೆ ಲೆಕ್ಕ ಹಾಕಲಿಕ್ಕೆ ಬರುವುದಿಲ್ಲ.