ಜ್ವರ ಬಂದಿತ್ತೇ ಎಂದು ಕೇಳದ ಹೇರ್ ಕ್ಲಿನಿಕ್ಕಿಗೆ ದುಡ್ಡು ಕಟ್ಟಬೇಡಿ

ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಹುಡುಗರು, ಅವರ ಮನೆಯವರು ದಯವಿಟ್ಟು ಓದಿ.

ಮಳೆಗಾಲದಲ್ಲಿ ನನ್ನ ತಮ್ಮನಿಗೆ ಡೆಂಗಿ ಬಂದಿತ್ತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತರೆ ಸೊಳ್ಳೆಗೆ ಅಷ್ಟೇ ಸಾಕು. ಜ್ವರ ಇಳಿಯಿತು, ಪ್ಲೇಟ್‌ಲೆಟ್ ಏರಿತು, ಎಲ್ಲರೂ ಮರೆತೆವು. ದೀಪಾವಳಿ ಹೊತ್ತಿಗೆ ತಲೆ ಬಾಚಿದರೆ ಕೈತುಂಬ ಕೂದಲು. 24ರ ಹುಡುಗ ಮದುವೆ ಮನೆಗೆ ಬರುವುದನ್ನೇ ಬಿಟ್ಟ.

ಪೇಟೆಯ ಒಂದು ಹೇರ್ ಕ್ಲಿನಿಕ್ಕಿನವರು ತಲೆಗೆ ಕ್ಯಾಮೆರಾ ಹಿಡಿದು, ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿ, "ಹೀಗೇ ಬಿಟ್ಟರೆ ಪೂರ್ತಿ ಬೋಳು" ಎಂದರು. ರಕ್ತಪರೀಕ್ಷೆ ಇಲ್ಲ, ಜ್ವರದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಪಿಆರ್‌ಪಿ (ನಮ್ಮದೇ ರಕ್ತದ ಪ್ಲೇಟ್‌ಲೆಟ್ ಭಾಗ ತೆಗೆದು ತಲೆಗೆ ಚುಚ್ಚುವುದು) ಚುಚ್ಚುಮದ್ದಿನ ಪ್ಯಾಕೇಜು, ಅಲ್ಲೇ ಇಎಂಐ ಕಾಗದಕ್ಕೆ ಸಹಿ, ಜೊತೆಗೆ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಮತ್ತು ಹೆಸರೇ ಇಲ್ಲದ ಡಬ್ಬಿಯಲ್ಲಿ ಇನ್ನೊಂದು ಮಾತ್ರೆ. ಹೆದರಿ ಬಂದ ಹುಡುಗನ ಹತ್ತಿರ ಹೀಗೆ ದುಡ್ಡು ಕೀಳುವುದು ಅನ್ಯಾಯ.

ಕೊನೆಗೆ ಮಂಗಳೂರಿನ ಚರ್ಮರೋಗ ತಜ್ಞರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದೇ "ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು?" ಎಂದು. ಇದು ಟೆಲೋಜೆನ್ ಎಫ್ಲುವಿಯಂ. ಜೋರು ಜ್ವರ, ಟೈಫಾಯ್ಡ್, ಆಪರೇಷನ್, ಊಟ ಬಿಟ್ಟು ಗಡಿಬಿಡಿಯಲ್ಲಿ ತೂಕ ಇಳಿಸುವುದು, ಇಂಥದ್ದಾದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ, 2-3 ತಿಂಗಳ ಮೇಲೆ ಉದುರುತ್ತದೆ. ಬುಡ ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿ ನಿಲ್ಲುತ್ತದೆ. ಆದರೆ ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂ.ಮೀ., ಹಾಗಾಗಿ ಮೊದಲಿನಂತೆ ಕಾಣಲು ತಾಳ್ಮೆ ಬೇಕು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶದ ದಾಸ್ತಾನು), ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟು, ಅದಕ್ಕೂ ಮೊದಲು ಬಯೋಟಿನ್ ನಿಲ್ಲಿಸಲು ಹೇಳಿದರು. ಆ ಮಾತ್ರೆ ಹೆಚ್ಚಿನ ಪ್ರಮಾಣದಲ್ಲಿದ್ದರೆ ಥೈರಾಯ್ಡ್ ವರದಿಯೇ ತಪ್ಪಾಗಿ ಬರಬಹುದಂತೆ. ಇದು ಎಷ್ಟು ಜನರಿಗೆ ಗೊತ್ತು?

ಎಲ್ಲರದ್ದೂ ಜ್ವರದಿಂದಲೇ ಅಲ್ಲ. ಹಣೆಯ ಎರಡೂ ಮೂಲೆ ಹಿಂದೆ ಹೋಗುತ್ತಾ, ನೆತ್ತಿ ತೆಳ್ಳಗಾಗುತ್ತಾ ಬಂದರೆ ಅದು ಹೆಚ್ಚಾಗಿ ವಂಶದ್ದು. ಅದಕ್ಕೆ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎಂಬ ಔಷಧಿಗಳಿವೆ, ತಡಮಾಡದೆ ಶುರುಮಾಡಿದರೆ ಒಳ್ಳೆಯದು. ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸುತ್ತದೆ, ಖಿನ್ನತೆ ಬಂದದ್ದೂ ಉಂಟು. ಹೆಸರಿಲ್ಲದ ಡಬ್ಬಿಯಲ್ಲಿ ಇದೇ ಇದ್ದರೂ ನಮಗೆ ಗೊತ್ತಾಗದು, ನಾನು ಇಷ್ಟು ಹೆದರುವುದು ಅದಕ್ಕೇ. ಜಿಮ್ಮಿನಲ್ಲಿ ಸ್ಟೆರಾಯ್ಡ್ ಚುಚ್ಚಿಸಿಕೊಂಡಿದ್ದರೆ ಅದರಿಂದಲೂ ಕೂದಲು ಉದುರಬಹುದು, ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನಾಣ್ಯದಗಲ ಬೋಳಾದರೆ, ಬುಡದಲ್ಲಿ ಕೀವು, ನೋವು ಇದ್ದರೆ ಕಾಯುವುದೇ ಬೇಡ.

ಹೆಸರಿಲ್ಲದ ಡಬ್ಬಿಯ ಮಾತ್ರೆ ಈಗಾಗಲೇ ನುಂಗುತ್ತಿದ್ದರೆ ಡಬ್ಬಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಬಿಲ್ಲು, ಇಎಂಐ ಕಾಗದದ ಪ್ರತಿ ಕೇಳಿ ಪಡೆಯಿರಿ. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವುದಾದರೆ ಅವು ಬೇಕು.